ಫಾರ್ಮಸಿ ಕಾಲೇಜಿನ ವಿದ್ಯಾರ್ಥಿ ವೃತ್ತಿ ಸಂಘ: ಕಲಬುರಗಿಯಂಥ ಊರಿನಲ್ಲಿ ಅದರ ಕೆಲಸವೇನು?

ಪ್ರಶ್ನೆ — ಬಿ.ಫಾರ್ಮ್ ಮೂರನೇ ಸೆಮಿಸ್ಟರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿ.ಫಾರ್ಮ್ ಎರಡನೇ ವರ್ಷದಲ್ಲಿದ್ದೇನೆ. ನಮ್ಮದು ಚಿಂಚೋಳಿ ತಾಲ್ಲೂಕಿನ ಹಳ್ಳಿ, ಮನೆಯಲ್ಲಿ ತೊಗರಿ ಬೆಳೆಯುತ್ತಾರೆ, ಔಷಧದ ಓದಿಗೆ ಬಂದವಳು ನಮ್ಮ ಮನೆತನದಲ್ಲಿ ನಾನೇ ಮೊದಲು. ಕಳೆದ ವಾರ ನಮ್ಮ ಉಪನ್ಯಾಸಕರೊಬ್ಬರು ಭಾರತೀಯ ಫಾರ್ಮಸ್ಯುಟಿಕಲ್ ಅಸೋಸಿಯೇಷನ್ನಿನ ವಿದ್ಯಾರ್ಥಿ ವೇದಿಕೆಯ ಘಟಕವೊಂದನ್ನು ಕಾಲೇಜಿನಲ್ಲಿ ಆರಂಭಿಸಬೇಕೆಂದು ಹೇಳಿ, ಯಾರೂ ಕೈ ಎತ್ತದಿದ್ದಾಗ ನನ್ನ ಹೆಸರನ್ನೇ ಕಾರ್ಯದರ್ಶಿಯ ಸ್ಥಾನಕ್ಕೆ ಬರೆದುಕೊಂಡರು.

ನನಗೆ ಉತ್ಸಾಹವಿಲ್ಲವೆಂದಲ್ಲ. ಆದರೆ ಈ ಸಂಘ ಏನು ಮಾಡಬೇಕೆಂದು ನಾನು ಕೇಳಿದಾಗ ಸಿಕ್ಕ ಉತ್ತರ "ಕಾರ್ಯಕ್ರಮ ಮಾಡಬೇಕು" ಎಂಬುದಷ್ಟೇ. ಕಾರ್ಯಕ್ರಮ ಮಾಡುವುದಕ್ಕೆ ಎನ್‌ಎಸ್‌ಎಸ್ ಇದೆ, ಸಾಂಸ್ಕೃತಿಕ ಸಮಿತಿಯೂ ಇದೆ. ಹೀಗಿರುವಾಗ ವೃತ್ತಿಯ ಹೆಸರಿನಲ್ಲಿ ಇನ್ನೊಂದು ಸಂಘ ಏಕೆ ಬೇಕು, ಅದಕ್ಕೆ ಸಹಪಾಠಿಗಳಿಂದ ಚಂದಾ ಎತ್ತುವುದು ನ್ಯಾಯವೇ, ಎಂ.ಫಾರ್ಮ್ ಪ್ರವೇಶದ ಜಿಪ್ಯಾಟ್ ಪರೀಕ್ಷೆಗೆ ಓದಿಕೊಳ್ಳಬೇಕಾದ ಹೊತ್ತನ್ನು ಇದಕ್ಕೆ ಕೊಡುವುದರಿಂದ ನಮಗಾಗಲಿ ಬೇರೆಯವರಿಗಾಗಲಿ ಏನು ಪ್ರಯೋಜನ ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ. ಸಂಘ ಎಂಬ ಮಾತು ಕೇಳಿದೊಡನೆ ನಮ್ಮಪ್ಪ "ಓದಾಕ್ ಕಳ್ಸೀವೋ, ಲೀಡರ್ ಆಗಾಕ್ ಕಳ್ಸೀವೋ?" ಎಂದು ಕೇಳಿದ್ದಾರೆ. ಅವರಿಗೂ ಒಂದು ಉತ್ತರ ಬೇಕಾಗಿದೆ.

ಉತ್ತರ — ಆಸ್ಪತ್ರೆಯ ಔಷಧ ವಿಭಾಗ, ಬೀದರ್

ನಿಮ್ಮ ತಂದೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಚುನಾವಣೆ ನಡೆಸಿ ವಿದ್ಯಾರ್ಥಿಗಳ ಬೇಡಿಕೆಗಳನ್ನು ಆಡಳಿತದ ಮುಂದಿಡುವ ವಿದ್ಯಾರ್ಥಿ ಒಕ್ಕೂಟ ಬೇರೆ, ಓದುತ್ತಿರುವ ವೃತ್ತಿಯ ಹೆಸರಿನಲ್ಲಿ ಕೂಡುವ ವೃತ್ತಿ ಸಂಘ ಬೇರೆ. ಮೊದಲನೆಯದಕ್ಕೆ ವಿದ್ಯಾರ್ಥಿ ಎಂಬ ಗುರುತು ಸಾಕು. ಎರಡನೆಯದರಲ್ಲಿ ನೀವು ನಾಳೆ ಫಾರ್ಮಸಿಸ್ಟ್ ಆಗಿ ಏನು ಮಾಡಬೇಕೋ ಅದನ್ನು ಇಂದೇ ಕಲಿಯಲು ಸೇರುತ್ತೀರಿ.

ನಮ್ಮ ವೃತ್ತಿಯಲ್ಲಿ ಸಂಘಗಳಿಗೆ ಇರುವ ಸ್ಥಾನ ಸಣ್ಣದಲ್ಲ. ಮಹಾದೇವ ಲಾಲ್ ಶ್ರಾಫ್ ಅವರು 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ವಿಜ್ಞಾನದ ಪಾಠಕ್ರಮವನ್ನು ಆರಂಭಿಸಿದ ಕಾಲಕ್ಕೆ ಈ ದೇಶದಲ್ಲಿ ಫಾರ್ಮಸಿಸ್ಟ್ ಎಂದರೆ ಯಾರು ಎಂದು ಹೇಳುವ ಕಾನೂನೇ ಇರಲಿಲ್ಲ. ಯಾರು ಬೇಕಾದರೂ ಔಷಧ ಕಲಸಿ ಕೊಡಬಹುದಿತ್ತು. ದೇಶದ ಔಷಧ ವ್ಯವಸ್ಥೆಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಚೋಪ್ರಾ ಸಮಿತಿ 1931ರಲ್ಲಿಯೇ ಈ ಅವ್ಯವಸ್ಥೆಯನ್ನು ತೋರಿಸಿಕೊಟ್ಟಿತ್ತು. ಶ್ರಾಫ್ ಮತ್ತು ಅವರ ಜೊತೆಗಾರರು 1935ರಲ್ಲಿ ಸಂಯುಕ್ತ ಪ್ರಾಂತದ ಮಟ್ಟದಲ್ಲಿ ಕಟ್ಟಿದ ಸಂಘವೇ 1939ರಲ್ಲಿ ಭಾರತೀಯ ಫಾರ್ಮಸ್ಯುಟಿಕಲ್ ಅಸೋಸಿಯೇಷನ್ ಆಯಿತು. ಫಾರ್ಮಸಿ ಕಾಯ್ದೆ ಬಂದದ್ದು ಅನಂತರ, 1948ರಲ್ಲಿ. ಫಾರ್ಮಸಿ ಕೌನ್ಸಿಲ್ ರಚನೆಯಾದದ್ದು 1949ರಲ್ಲಿ. ಬಹಳ ವಿದ್ಯಾರ್ಥಿಗಳು ಕೌನ್ಸಿಲ್ಲನ್ನೂ ಅಸೋಸಿಯೇಷನ್ನನ್ನೂ ಒಂದೇ ಎಂದು ತಿಳಿದಿರುತ್ತಾರೆ. ಕೌನ್ಸಿಲ್ ಕಾನೂನಿನಿಂದ ಹುಟ್ಟಿದ್ದು, ಪಠ್ಯಕ್ರಮ ಮತ್ತು ನೋಂದಣಿ ಅದರ ಕೆಲಸ, ಅದರ ನಿಯಮಕ್ಕೆ ನಾವೆಲ್ಲ ಒಳಪಟ್ಟವರು. ಅಸೋಸಿಯೇಷನ್ನಿಗೆ ನಾವು ಮನಸ್ಸಿದ್ದರೆ ಸೇರಬಹುದು, ಇಲ್ಲದಿದ್ದರೆ ಬಿಡಬಹುದು. ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಪಿಎಸ್‌ಎಫ್ ಕೂಡ ಅದೇ 1949ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಯುದ್ಧ ಮುಗಿದು ನಾಲ್ಕೇ ವರ್ಷಗಳಾಗಿದ್ದ ಆ ಹೊತ್ತಿನಲ್ಲಿ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಒಂದೆಡೆ ಕೂತು ಅದನ್ನು ಕಟ್ಟಿದರು ಎಂಬುದು ನನಗೆ ಇಂದಿಗೂ ಸೋಜಿಗ. ವಿದ್ಯಾರ್ಥಿ ವಿನಿಮಯವೂ ರೋಗಿಯೊಂದಿಗೆ ಮಾತನಾಡುವ ಸ್ಪರ್ಧೆಯೂ ಅದರ ಹೆಸರಾದ ಕಾರ್ಯಕ್ರಮಗಳು.

ಇದೆಲ್ಲ ಇತಿಹಾಸವಾಯಿತು. ಸಂಘದಿಂದ ನನಗೇನು ಸಿಕ್ಕಿತು ಎಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ. ನಾವು ಓದುವಾಗ ಬೇಸಿಗೆಯಲ್ಲಿ ವಾಂತಿಭೇದಿಯ ಬಗ್ಗೆ ತಿಳಿವಳಿಕೆ ಕೊಡಲು ಬೀದರಿನ ಹಳೆಯ ಊರಿನಲ್ಲಿ, ಚೌಬಾರದ ಹತ್ತಿರ, ಮೇಜು ಹಾಕಿಕೊಂಡು ನಿಂತಿದ್ದೆವು. ಒಂದು ಪೊಟ್ಟಣ ಓಆರ್‌ಎಸ್ ಪುಡಿಯನ್ನು ಒಂದು ಲೀಟರ್ ನೀರಿಗೆ ಹಾಕಬೇಕು ಎಂದು ನಾನು ಗಂಟಲು ಹರಿದುಕೊಂಡು ಹೇಳುತ್ತಿದ್ದಾಗ ಒಬ್ಬ ಅಜ್ಜಿ, "ಲೀಟರ್ ಅಂದ್ರ ನಮ್ ತಂಬಗಿಲೆ ಎಷ್ಟಪಾ?" ಎಂದು ಕೇಳಿದರು. ಪೊಟ್ಟಣದಲ್ಲಿರುವುದು 20.5 ಗ್ರಾಂ, ಅದರಲ್ಲಿ ಗ್ಲುಕೋಸ್ 13.5, ಉಪ್ಪು 2.6 ಎಂದೆಲ್ಲ ಬಾಯಿಪಾಠವಿದ್ದ ಎಂಟು ಮಂದಿಯಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಮರುದಿನ ಪ್ರಯೋಗಾಲಯದ ಅಳತೆಯ ಜಾರನ್ನು ಕೇಳಿ ಪಡೆದು, ಅದೇ ಓಣಿಯ ಪಾತ್ರೆ ಅಂಗಡಿಗೆ ಹೋಗಿ ತಂಬಿಗೆಗಳನ್ನು ಒಂದೊಂದಾಗಿ ಅಳೆದೆವು. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಸಣ್ಣ ತಂಬಿಗೆ ಮುಕ್ಕಾಲು ಲೀಟರನ್ನೂ ಹಿಡಿಯುತ್ತಿರಲಿಲ್ಲ. ಪುಡಿಯನ್ನು ಒಂದು ಲೋಟಕ್ಕೆ ಹಾಕಿ ಮಗುವಿಗೆ ಕುಡಿಸುವವರೂ ಇದ್ದರು. ದ್ರಾವಣ ಅಷ್ಟು ಗಾಢವಾದರೆ ಭೇದಿ ಹೆಚ್ಚಾಗಿ, ರಕ್ತದಲ್ಲಿ ಸೋಡಿಯಂ ಏರುವ ಅಪಾಯವಿದೆ. ಆ ವಾರದ ಉಳಿದ ದಿನಗಳಲ್ಲಿ ನಾವು ಭಾಷಣ ಬಿಟ್ಟು ತಂಬಿಗೆಗಳ ಮೇಲೆ ಗುರುತು ಹಾಕಿಕೊಟ್ಟೆವು. ಈ ಪಾಠವನ್ನು ತರಗತಿಯಲ್ಲಿ ಯಾರೂ ಮಾಡಿರಲಿಲ್ಲ, ಮಾಡಲು ಸಾಧ್ಯವೂ ಇರಲಿಲ್ಲ.

ಉತ್ತರ — ಮೆಡಿಕಲ್ ಅಂಗಡಿ, ಶಹಾಪುರ (ಯಾದಗಿರಿ ಜಿಲ್ಲೆ)

ಮೇಲಿನವರ ತಂಬಿಗೆಯ ಪ್ರಸಂಗ ನನಗೂ ಹಿಡಿಸಿತು. ಆದರೆ ಎಲ್ಲ ಕಡೆಯೂ ಹಾಗೆ ನಡೆಯುತ್ತದೆಂದು ತಂಗಿ ನಂಬಬಾರದು.

ನಾನು ಓದಿದ ಕಾಲೇಜಿನಲ್ಲಿಯೂ ಇಂಥ ಸಂಘವಿತ್ತು, ಅದಕ್ಕೆ ನಾನು ಒಂದು ವರ್ಷ ಖಜಾಂಚಿಯಾಗಿದ್ದೆ. ಸೆಪ್ಟೆಂಬರ್ 25ರ ವಿಶ್ವ ಫಾರ್ಮಸಿಸ್ಟರ ದಿನಕ್ಕೂ ನವೆಂಬರಿನ ಮೂರನೇ ವಾರದ ರಾಷ್ಟ್ರೀಯ ಫಾರ್ಮಸಿ ಸಪ್ತಾಹಕ್ಕೂ ಸಂಘ ಎಚ್ಚರವಾಗುತ್ತಿತ್ತು, ಉಳಿದ ದಿನ ಮಲಗಿರುತ್ತಿತ್ತು. ಎತ್ತಿದ ಚಂದಾ ಫ್ಲೆಕ್ಸಿಗೆ, ಶಾಲಿಗೆ, ಹಾರಕ್ಕೆ, ನೆನಪಿನ ಕಾಣಿಕೆಗೆ ಹೋಯಿತು. ಜಾಥಾ ಹೊರಟು ವೃತ್ತದವರೆಗೆ ನಡೆದು, ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಮರಳಿದೆವು. ಬಂದವರಿಗೂ ಬಾರದವರಿಗೂ ಪ್ರಮಾಣಪತ್ರ ಸಿಕ್ಕಿತು. ಲೆಕ್ಕ ಬರೆದವನು ನಾನೇ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿದೆ, ಕ್ಷಮೆಯಿರಲಿ. ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟ್. ಆದರೆ ನಮ್ಮ ಕಡೆ ಹಲವರು ಓದು ಮುಗಿಸಿ, ನೋಂದಣಿ ಮಾಡಿಸಿ, ಪ್ರಮಾಣಪತ್ರವನ್ನು ಯಾರದೋ ಅಂಗಡಿಯ ಗೋಡೆಗೆ ಬಾಡಿಗೆಗೆ ಕೊಟ್ಟು, ತಾವು ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಬೇರೆ ಕೆಲಸ ಮಾಡಿಕೊಂಡಿರುತ್ತಾರೆ. ಗಲ್ಲೆಯ ಹಿಂದೆ ನಿಂತು ಗುಳಿಗೆ ಕೊಡುವವನು ಹತ್ತನೇ ತರಗತಿ ಓದಿದ ಹುಡುಗ. ವೃತ್ತಿಯ ಗೌರವದ ಬಗ್ಗೆ ಭಾಷಣ ಮಾಡಿಸುವ ಯಾವ ವಿದ್ಯಾರ್ಥಿ ಸಂಘದ ಸಭೆಯಲ್ಲಿಯೂ ಈ ವಿಷಯ ಚರ್ಚೆಗೆ ಬಂದದ್ದನ್ನು ನಾನು ಕಂಡಿಲ್ಲ. ನಿಮ್ಮ ಸಂಘ ತನ್ನ ಮೊದಲ ಸಭೆಯಲ್ಲಿಯೇ "ನಮ್ಮ ತಂಡದವರು ಯಾರೂ ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಿಲ್ಲ" ಎಂದು ಬರೆದು ಸಹಿ ಹಾಕುವುದಾದರೆ, ನನ್ನ ಚಂದಾವನ್ನು ನಾನೇ ಮೊದಲು ಕಳಿಸುತ್ತೇನೆ.

ಕಲಿಯುವ ಮನಸ್ಸಿದ್ದರೆ ಇಬ್ಬಿಬ್ಬರಂತೆ ಸಂತೆಯ ದಿನ ಅಂಗಡಿಗೆ ಬನ್ನಿ. ಶೆಡ್ಯೂಲ್ ಎಚ್1 ಔಷಧಗಳಿಗೆ, ಅಂದರೆ ಕೆಲವು ಆ್ಯಂಟಿಬಯಾಟಿಕ್, ಕ್ಷಯದ ಔಷಧ ಮೊದಲಾದವುಗಳಿಗೆ, ಬೇರೆ ರಿಜಿಸ್ಟರ್ ಇಡಬೇಕು, ಅದರಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬರೆಯಬೇಕು, ಮೂರು ವರ್ಷ ಕಾಯ್ದಿಡಬೇಕು ಎಂಬ ನಿಯಮ 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಕೆಲಸ ಕೇಳಿಕೊಂಡು ಬರುವ ಪದವೀಧರರಿಗೆ ಆ ರಿಜಿಸ್ಟರ್ ತೆರೆದು ತೋರಿಸಿದರೆ ಅದನ್ನು ಮೊದಲ ಸಲ ನೋಡುತ್ತಿರುವಂತೆ ನೋಡುತ್ತಾರೆ.

ಉತ್ತರ — ಫಾರ್ಮ್.ಡಿ ಇಂಟರ್ನ್, ಕಲಬುರಗಿ

ಶಹಾಪುರದ ಅಣ್ಣನವರು ಹೇಳಿದ ಸಂಘವನ್ನು ನಾನೂ ನೋಡಿದ್ದೇನೆ, ಬೀದರಿನ ಸರ್ ಅವರು ಹೇಳಿದ್ದನ್ನೂ ನೋಡಿದ್ದೇನೆ. ಎರಡೂ ಒಂದೇ ಕಾಲೇಜಿನಲ್ಲಿ, ಒಂದು ವರ್ಷ ಹಾಗೆ, ಇನ್ನೊಂದು ವರ್ಷ ಹೀಗೆ. ಪದಾಧಿಕಾರಿಗಳ ಮೇಲೆ ಬಹಳಷ್ಟು ನಿಂತಿದೆ.

ಬಿ.ಫಾರ್ಮ್ ಪಠ್ಯಕ್ರಮವನ್ನು ನೀವೇ ತೆರೆದು ನೋಡಿ. ಮೊದಲ ಸೆಮಿಸ್ಟರಿನಲ್ಲಿ ಸಂವಹನ ಕೌಶಲದ ವಿಷಯವೊಂದಿದೆ. ಅದಾದ ಮೇಲೆ ರೋಗಿಯ ಎದುರು ನಿಲ್ಲುವ ವಿದ್ಯೆಯನ್ನು ಹೇಳುವ ಫಾರ್ಮಸಿ ಪ್ರಾಕ್ಟೀಸ್ ಬರುವುದು ಏಳನೇ ಸೆಮಿಸ್ಟರಿನಲ್ಲಿ. ನಡುವಿನ ಎರಡೂವರೆ ವರ್ಷ ನೀವು ರಸಾಯನಶಾಸ್ತ್ರ, ಔಷಧ ಗುಣವಿಜ್ಞಾನ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಓದುತ್ತೀರಿ, ಆದರೆ ಅದನ್ನೆಲ್ಲ ಒಬ್ಬ ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳುವ ಸಂದರ್ಭವೇ ಬರುವುದಿಲ್ಲ. ನಮ್ಮ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ರೋಗಿ ಮಾತನಾಡುವುದು ಕಲಬುರಗಿಯ ಕನ್ನಡ, ದಖನಿ, ಬೀದರ ಕಡೆ ಮರಾಠಿ, ಸೇಡಂ ಮತ್ತು ಗುರುಮಠಕಲ್ ಕಡೆ ತೆಲುಗು. ಸಂಘದ ಕೆಲಸವೆಂದರೆ ನನ್ನ ದೃಷ್ಟಿಯಲ್ಲಿ ಈ ಅಂತರವನ್ನು ತುಂಬುವುದು, ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮ ಘಟಕದಲ್ಲಿ ನಾವು ಮಾಡಿದ್ದು ಬಹಳ ಸರಳವಾಗಿತ್ತು. ವಾರಕ್ಕೊಮ್ಮೆ ಒಂದು ಔಷಧವನ್ನು ಆರಿಸಿಕೊಂಡು, ಒಬ್ಬರು ರೋಗಿಯಾಗಿ ಒಬ್ಬರು ಫಾರ್ಮಸಿಸ್ಟ್ ಆಗಿ ನಿಂತು, ಇಂಗ್ಲಿಷ್ ಬಳಸದೆ ಮಾತನಾಡಬೇಕಿತ್ತು. ಥೈರಾಯ್ಡಿನ ಥೈರಾಕ್ಸಿನ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ನನ್ನು ಊಟದೊಂದಿಗೆ ಎಂದು ಪರೀಕ್ಷೆಯಲ್ಲಿ ಬರೆಯುವುದು ಸುಲಭ. "ಮುಂಜಾನಿ ಚಾ ಕುಡ್ದ್ರ ಖಾಲಿ ಹೊಟ್ಟಿ ಅಂತಾರೇನ್ರಿ?" ಎಂದು ರೋಗಿಯ ಪಾತ್ರದವಳು ಕೇಳಿದಾಗ ಇಡೀ ಕೋಣೆ ನಕ್ಕಿತು. ಆಮೇಲೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳು ಅದನ್ನೇ ಕೇಳಿದರು. ಕ್ಷಯದ ಔಷಧ ಆರಂಭಿಸಿದವರಿಗೆ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಕಿಲ್ಲ ಎಂಬುದನ್ನು ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆಯೆಂದು ತಿಳಿದು ಗುಳಿಗೆ ಬಿಟ್ಟುಬಿಡುವವರಿದ್ದಾರೆ. ಇದನ್ನು ಹೇಳಲು ಅರ್ಧ ನಿಮಿಷ ಸಾಕು, ಆದರೆ ನಾಚಿಕೆಯಿಲ್ಲದೆ ಹೇಳುವುದಕ್ಕೆ ಅಭ್ಯಾಸ ಬೇಕು.

ಇನ್ಸುಲಿನ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಇದು ನಮ್ಮ ಊರಿನದೇ ಸಮಸ್ಯೆ. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಕೆಯಲ್ಲಿರುವ ಬಾಟಲಿಯನ್ನು ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಹೊರಗಿಡಬಹುದು, ಆದರೆ ಆ ಲೆಕ್ಕ 30 ಡಿಗ್ರಿಯೊಳಗಿನ ಕೋಣೆಗೆ. ಮೇ ತಿಂಗಳಲ್ಲಿ 40 ದಾಟುವ ಕಲಬುರಗಿಯಲ್ಲಿ, ತಗಡಿನ ಸೂರಿನ ಮನೆಯಲ್ಲಿ, ಆ ಕೋಣೆ ಎಲ್ಲಿಂದ ಬರಬೇಕು? ಜೇವರ್ಗಿ ಕಡೆಯ ಒಬ್ಬರು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ ಎಂದು ಹೇಳಿದರು. ವಿಚಾರಿಸಿದಾಗ ಅದು ಮಂಜುಗಡ್ಡೆಯ ಖಾನೆ ಎಂದು ತಿಳಿಯಿತು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿಯೇ ಕಂಡರೂ ಬಳಸುವಂತಿಲ್ಲ. ಆಗ ನಾವು ಮಡಕೆಯ ಪ್ರಯೋಗ ಮಾಡಿದೆವು: ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕದೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಚಿಕ್ಕ ಮಡಕೆಯಲ್ಲಿ ಬಾಟಲಿಯನ್ನು ನೀರು ತಾಗದಂತೆ ಇಟ್ಟು, ಮೇಲೆ ಹಸಿ ಬಟ್ಟೆ ಮುಚ್ಚಿ, ಒಳಗೆ ಥರ್ಮಾಮೀಟರ್ ಇಟ್ಟು ಮೂರು ಹೊತ್ತು ಬರೆದುಕೊಂಡೆವು. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುವುದರಿಂದ ನಮ್ಮ ಒಣ ಬೇಸಿಗೆಯಲ್ಲಿ ಒಳಗಿನ ಉಷ್ಣಾಂಶ ಹೊರಗಿಗಿಂತ ಹಲವು ಡಿಗ್ರಿ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಹೆಚ್ಚಿದಾಗ ಅದೇ ಮಡಕೆ ಅಷ್ಟು ಕೆಲಸ ಮಾಡುವುದಿಲ್ಲ, ತಂಪಿನ ಅಗತ್ಯವೂ ಆಗ ಕಡಿಮೆ. ಇದು ಫ್ರಿಜ್ಜಿಗೆ ಸಮನಲ್ಲ, ಬಳಕೆಯಲ್ಲಿರುವ ಬಾಟಲಿಗೆ ಮಾತ್ರ ಎಂದು ಪ್ರತಿಯೊಬ್ಬರಿಗೂ ಒತ್ತಿ ಹೇಳಬೇಕು. ಈ ಕೆಲಸಕ್ಕೆ ಆದ ಖರ್ಚು ಎರಡು ಮಡಕೆಯದು.

ಇನ್ನೊಂದು, ಔಷಧದ ಅಡ್ಡಪರಿಣಾಮಗಳ ವರದಿ. 2010ರಲ್ಲಿ ಆರಂಭವಾದ ಭಾರತೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದಿನಲ್ಲಿದೆ, 1800-180-3024 ಎಂಬ ಉಚಿತ ಸಹಾಯವಾಣಿಯೂ ಇದೆ. ರೋಗಿಗಳೇ ತುಂಬಬಹುದಾದ ನಮೂನೆ ಕನ್ನಡದಲ್ಲಿಯೂ ಇದೆ ಎಂಬುದು ನಮ್ಮ ತರಗತಿಯ ಹೆಚ್ಚಿನವರಿಗೆ ಸಂಘಕ್ಕೆ ಬರುವವರೆಗೆ ಗೊತ್ತಿರಲಿಲ್ಲ. ನಮ್ಮ ಶಿಬಿರಕ್ಕೆ ಬಂದ ಒಬ್ಬ ನಿವೃತ್ತ ಮೇಸ್ತ್ರಿ ತಿಂಗಳುಗಟ್ಟಲೆ ಒಣಕೆಮ್ಮಿಗೆ ಸಿರಪ್ ಕುಡಿಯುತ್ತಿದ್ದರು. ಅವರ ಚೀಟಿಯಲ್ಲಿ ರಕ್ತದೊತ್ತಡಕ್ಕೆ ಎನಾಲಾಪ್ರಿಲ್ ಇತ್ತು, ಆ ಔಷಧದಿಂದ ಒಣಕೆಮ್ಮು ಬರುವುದು ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ಇಂಥಲ್ಲಿ ಎಲ್ಲೆ ಮೀರಬಾರದು. ಗುಳಿಗೆ ಬಿಡಿ ಎಂದು ಹೇಳುವ ಅಧಿಕಾರ ವಿದ್ಯಾರ್ಥಿಗಿಲ್ಲ. ಗಮನಿಸಿದ್ದನ್ನು ಬರೆದು, ಅವರನ್ನು ಅದೇ ವೈದ್ಯರ ಬಳಿಗೆ ಕಳಿಸಿ, ಮೇಲ್ವಿಚಾರಕರಿಂದ ವರದಿ ಮಾಡಿಸಿದೆವು. ವೈದ್ಯರು ಔಷಧ ಬದಲಿಸಿದರು.

ಜಿಪ್ಯಾಟ್ ಬಗ್ಗೆ ಕೇಳಿದ್ದೀರಿ. ಸಂಘದಿಂದ ಅಂಕ ಹೆಚ್ಚುವುದಿಲ್ಲ. ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಕೊಡಬೇಡಿ, ಪರೀಕ್ಷೆಯ ತಿಂಗಳಲ್ಲಿ ಅದನ್ನೂ ನಿಲ್ಲಿಸಿ.

ಉತ್ತರ — ಉಪನ್ಯಾಸಕಿ

ಹಣದ ವಿಷಯಕ್ಕೆ ಯಾರೂ ನೇರವಾಗಿ ಉತ್ತರಿಸಿಲ್ಲ. ಸದಸ್ಯತ್ವ ಕಡ್ಡಾಯವಾಗಿರಕೂಡದು, ಕಡ್ಡಾಯ ಮಾಡಿದರೆ ಅದು ಸಂಘವಲ್ಲ, ಶುಲ್ಕ. ಖಾತೆಯನ್ನು ಒಬ್ಬ ಶಿಕ್ಷಕರು ಮತ್ತು ಒಬ್ಬ ವಿದ್ಯಾರ್ಥಿಯ ಜಂಟಿ ಸಹಿಯಲ್ಲಿ ಇಡಿ, ತಿಂಗಳ ಲೆಕ್ಕವನ್ನು ಸೂಚನಾ ಫಲಕಕ್ಕೆ ಅಂಟಿಸಿ. ಶಾಲು ಮತ್ತು ಹಾರಕ್ಕೆ ಸಂಘದ ಹಣ ಬಳಸುವಂತಿಲ್ಲ ಎಂದು ಮೊದಲೇ ಬರೆದಿಟ್ಟುಕೊಂಡರೆ ಮುಂದೆ ಯಾರಿಗೂ ಮುಜುಗರವಾಗುವುದಿಲ್ಲ.

ನಮ್ಮ ಭಾಗದ ವಿದ್ಯಾರ್ಥಿಗಳಿಗೆ ದೂರವೂ ಒಂದು ಅಡ್ಡಿ. ರಾಜ್ಯಮಟ್ಟದ ಹೆಚ್ಚಿನ ಕಾರ್ಯಕ್ರಮಗಳು ಬೆಂಗಳೂರಿನಲ್ಲಿ, ಅಂದರೆ ರಾತ್ರಿಯಿಡೀ ರೈಲು. ಹೆಣ್ಣುಮಕ್ಕಳನ್ನು ಮನೆಯವರು ಕಳಿಸುವುದಿಲ್ಲ. ಆದರೆ ಹೈದರಾಬಾದ್ ನಮಗೆ ಹತ್ತಿರ. 2024ರ ಜುಲೈಯಲ್ಲಿ ನಮ್ಮ ವೃತ್ತಿಯ ರಾಷ್ಟ್ರೀಯ ಸಮಾವೇಶವಾದ ಭಾರತೀಯ ಫಾರ್ಮಸ್ಯುಟಿಕಲ್ ಕಾಂಗ್ರೆಸ್ಸಿನ 73ನೇ ಅಧಿವೇಶನ ಅಲ್ಲಿಯೇ ನಡೆಯಿತು. ಕಾರ್ಖಾನೆ ನೋಡಬೇಕೆಂದರೆ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶವಿದೆ, ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳವಿದೆ. ಎರಡನೆಯದಕ್ಕೆ ಹೋದವರು ಕಾರ್ಖಾನೆಯ ಒಳಗಷ್ಟೇ ನೋಡಿ ಬರಬಾರದು, ಹೊರಗಿನ ಹಳ್ಳಿಯವರು ಗಾಳಿ ಮತ್ತು ನೀರಿನ ಬಗ್ಗೆ ಏನು ಹೇಳುತ್ತಿದ್ದಾರೆ ಎಂಬುದನ್ನೂ ಕೇಳಿ ಬರಬೇಕು. ಔಷಧ ತಯಾರಿಕೆಯನ್ನು ಓದುವವರಿಗೆ ಅದೂ ಪಾಠವೇ.

ಕಾರ್ಯದರ್ಶಿಯನ್ನು ಶಿಕ್ಷಕರು ಹೆಸರಿಸುವುದು ಈ ಒಂದು ವರ್ಷಕ್ಕೆ ಸಾಕು. ಮುಂದಿನ ವರ್ಷ ಸದಸ್ಯರೇ ಆರಿಸಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮೊದಲ ಸಭೆ ನಡೆಯಿತು. ಹದಿನೇಳು ಮಂದಿ ಬಂದಿದ್ದರು. ಪ್ರಮಾಣಪತ್ರ ಬಾಡಿಗೆಯ ವಿಷಯ ಎತ್ತಿದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಒಬ್ಬನ ಅಣ್ಣನದೇ ಹಾಗೆ ಒಂದು ಅಂಗಡಿಯಲ್ಲಿದೆಯಂತೆ, ಅವನೇ ಎದ್ದು ಹೇಳಿದ. ಹನ್ನೊಂದು ಮಂದಿ ಸಹಿ ಹಾಕಿದರು, ಉಳಿದವರು ಯೋಚಿಸುತ್ತೇವೆ ಎಂದರು. ಒತ್ತಾಯ ಮಾಡಲಿಲ್ಲ. ಸೆಪ್ಟೆಂಬರ್ 25ಕ್ಕೆ ಜಾಥಾ ಬೇಡವೆಂದೂ, ಆ ದಿನ ತಂಬಿಗೆ ಅಳೆಯುವ ಮೇಜನ್ನು ಸೂಪರ್ ಮಾರ್ಕೆಟ್ ಬಳಿ ಹಾಕುವುದೆಂದೂ ತೀರ್ಮಾನಿಸಿದೆವು. ಮಡಕೆಯ ಕೆಲಸಕ್ಕೆ ಬೇಸಿಗೆಯವರೆಗೆ ಕಾಯಬೇಕು.

ಅಪ್ಪನಿಗೆ ಫೋನಿನಲ್ಲಿ ತಂಬಿಗೆಯ ಪ್ರಸಂಗ ಹೇಳಿದೆ. ಅವರು ಲೀಡರ್ ಮಾತು ಎತ್ತದೆ, ನಮ್ಮ ಮನೆಯ ತಂಬಿಗೆ ಎಷ್ಟು ಹಿಡಿಯುತ್ತದೆ ಎಂದು ಕೇಳಿದರು. ಊರಿಗೆ ಹೋದಾಗ ಅಳೆಯುತ್ತೇನೆ ಎಂದಿದ್ದೇನೆ.

ಶಹಾಪುರದ ಅಣ್ಣನವರೇ, ಸಂತೆಯ ದಿನ ಇಬ್ಬರು ಬರಬಹುದೇ? ಬೆಳಗಿನ ಬಸ್ಸಿಗೆ ಹೊರಟರೆ ಎಷ್ಟು ಹೊತ್ತಿಗೆ ಅಂಗಡಿ ತೆರೆದಿರುತ್ತದೆ?

ಉತ್ತರ — ಮೆಡಿಕಲ್ ಅಂಗಡಿ, ಶಹಾಪುರ

ಎಂಟೂವರೆಗೆ ತೆರೆಯುತ್ತೇನೆ. ಹನ್ನೊಂದರಿಂದ ಎರಡರವರೆಗೆ ಗದ್ದಲ ಹೆಚ್ಚು, ಕಲಿಯುವುದಿದ್ದರೆ ಆ ಹೊತ್ತಿಗೇ ಇರಬೇಕು. ಗುಳಿಗೆ ಮುಟ್ಟುವುದು ಬೇಡ, ಮೊದಲ ದಿನ ಪಕ್ಕದಲ್ಲಿ ನಿಂತು ಜನ ಏನು ಕೇಳುತ್ತಾರೆಂದು ಬರೆದುಕೊಳ್ಳಿ. ಚಂದಾ ಯಾರ ಹೆಸರಿಗೆ ಕಳಿಸಬೇಕೆಂದು ತಿಳಿಸಿ.